ಮಣಕಕ್ಕೆ ಬೇಕಾದದ್ದು ಸೂಜಿಯಲ್ಲ, ಟೇಪು

“ಸಾಹೇಬ್ರ, ಮಣಕಿಗಿ ಮೂರು ವರ್ಷ ತುಂಬ್ಯಾವ, ಇನ್ನಾ ಬೆದಿಗಿ ಬಂದಿಲ್ಲ. ಒಂದ್ ಸೂಜಿ ಹಾಕಿ ಬಿಡ್ರಿ.” ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಫೋನುಗಳಲ್ಲಿ ಇದಕ್ಕಿಂತ ಹೆಚ್ಚು ಸಲ ಕೇಳಿದ ಪ್ರಶ್ನೆ ಇನ್ನೊಂದಿಲ್ಲ. ಶಹಾಬಾದ, ವಾಡಿಯಿಂದ ಬಂದರೂ ಇದೇ, ಚಿಂಚೋಳಿಯ ತಾಂಡಾಗಳಿಂದ ಬಂದರೂ ಇದೇ. ಕೆಲವರು ತುಸು ಬದಲಿಸಿ ಕೇಳುತ್ತಾರೆ: ಬಾಜೂ ಮನೆಯವರ ಮಣಕ ಎರಡು ವರ್ಷಕ್ಕೇ ಗಬ್ಬ ಆಯಿತು, ನಮ್ಮದೂ ಅದೇ ಹೋರಿಯದು, ಅದೇ ತಿಂಗಳಲ್ಲಿ ಹುಟ್ಟಿದ್ದು, ನಮ್ಮದಕ್ಕೇನು ಧಾಡಿ? ಈ ಎರಡನೆಯ ಪ್ರಶ್ನೆ ನನಗೆ ಇಷ್ಟ. ಉತ್ತರದ ಅರ್ಧ ಅದರಲ್ಲೇ ಇದೆ.

ಹೋರಿ ಒಂದೇ, ತಿಂಗಳು ಒಂದೇ, ವಯಸ್ಸೂ ಒಂದೇ ಆದಮೇಲೆ ದೋಷ ವಯಸ್ಸಿನದಲ್ಲ. ದನ ತಿಂಗಳು ಎಣಿಸಿ ಪ್ರಾಯಕ್ಕೆ ಬರುವುದಿಲ್ಲ, ಮೈತೂಕ ನೋಡಿ ಬರುತ್ತದೆ. ಪೂರ್ತಿ ಬೆಳೆದಾಗ ಅದರ ತೂಕ ಎಷ್ಟಾಗಬೇಕೋ ಅದರ ನೂರಕ್ಕೆ ನಲವತ್ತೈದರಷ್ಟು ತುಂಬುವ ಹೊತ್ತಿಗೆ ಮೊದಲ ಬೆದೆ ಕಾಣಿಸಿಕೊಳ್ಳುತ್ತದೆ. ಹೋರಿ ಕೊಡಿಸಲು, ಇಲ್ಲವೇ ಕೃತಕ ಗರ್ಭಧಾರಣೆ ಮಾಡಿಸಲು, ನೂರಕ್ಕೆ ಅರವತ್ತು ಮುಟ್ಟಿರಬೇಕು. ಮೈಯಲ್ಲಿ ಎಷ್ಟು ಕೊಬ್ಬು ಕೂಡಿದೆ, ದಿನದ ಮೇವಿನಿಂದ ಎಷ್ಟು ಕಸುವು ಸಿಗುತ್ತಿದೆ ಎಂಬ ಸುದ್ದಿಯನ್ನು ಲೆಪ್ಟಿನ್, ಇನ್ಸುಲಿನ್‌ನಂಥ ಹಾರ್ಮೋನುಗಳು ರಕ್ತದ ಮೂಲಕ ಮಿದುಳಿಗೆ ಮುಟ್ಟಿಸುತ್ತಲೇ ಇರುತ್ತವೆ. ಹೊಟ್ಟೆಯಲ್ಲಿ ಒಂದು ಜೀವ ಹೊತ್ತು, ಹೆತ್ತು, ಹಾಲೂಡಿಸುವಷ್ಟು ಗಂಟು ಈ ಮೈಯಲ್ಲಿ ಇಲ್ಲ ಎಂದು ಮಿದುಳಿಗೆ ತಿಳಿದರೆ ಅದು ಅಂಡಾಶಯಕ್ಕೆ ಅಪ್ಪಣೆಯನ್ನೇ ಕೊಡುವುದಿಲ್ಲ. ಅಂಥ ಮಣಕಕ್ಕೆ ನಾವು ಸೂಜಿ ಹಾಕಿದರೆ ಬಹಳ ಸಲ ಏನೂ ಆಗುವುದಿಲ್ಲ. ಅಪ್ಪಿತಪ್ಪಿ ಬೆದೆ ಬಂದು ಗಬ್ಬ ನಿಂತರೆ ಇನ್ನೂ ಕಷ್ಟ. ಸೊಂಟದ ಎಲುಬು ಅಗಲವಾಗಿರುವುದಿಲ್ಲ, ಈಯುವ ಹೊತ್ತಿಗೆ ಕರು ಸಿಕ್ಕಿಹಾಕಿಕೊಂಡು ರಾತ್ರಿ ಎರಡು ಗಂಟೆಗೆ ಡಾಕ್ಟರನ್ನು ಎಬ್ಬಿಸಬೇಕಾಗುತ್ತದೆ.

ಅದಕ್ಕೇ ನನ್ನ ಮೊದಲ ಮರುಪ್ರಶ್ನೆ ಯಾವಾಗಲೂ ಒಂದೇ: ತೂಕ ಎಷ್ಟಿದೆ? ಫೋನಿನ ಆ ಬದಿ ಸುಮ್ಮನಾಗುತ್ತದೆ. ಹೊಲದ ತೊಗರಿ ಎಷ್ಟು ಕ್ವಿಂಟಲ್ ಆಯಿತೆಂದು ಕಿಲೊ ಸಮೇತ ಹೇಳುವವರು ಮನೆಯ ಮಣಕದ ತೂಕ ಹೇಳಲಾರರು. ತಕ್ಕಡಿ ಬೇಕಿಲ್ಲ. ದರ್ಜಿಯ ಹತ್ತಿರ ಇರುವ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಿ. ಭುಜದ ತುದಿಯಿಂದ ಬಾಲದ ಪಕ್ಕದ ಎಲುಬಿನ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೊ ಲೆಕ್ಕದಲ್ಲಿ ಬರುತ್ತದೆ. ಸುತ್ತಳತೆ 56 ಇಂಚು, ಉದ್ದ 48 ಇಂಚು ಇದ್ದರೆ ಸುಮಾರು 228 ಕಿಲೊ. ಹತ್ತು ಕಿಲೊ ಆಚೀಚೆ ಆದೀತು, ಅಡ್ಡಿಯಿಲ್ಲ. ಮಣಕ ಎಷ್ಟು ಕಿಲೊ ಮುಟ್ಟಬೇಕೆಂದು ತಿಳಿಯಲು ಪುಸ್ತಕವೂ ಬೇಡ, ಅದರ ತಾಯಿಯನ್ನೇ ಅಳೆಯಿರಿ. ತಾಯಿ 380 ಕಿಲೊ ತೂಗಿದರೆ ಮಗಳು 228ಕ್ಕೆ ಬಂದಾಗ ಸಿದ್ಧ. ತಾಯಿಯೇ ಸೊರಗಿದ್ದರೆ ಆ ಊರಿನ ಅದೇ ತಳಿಯ ಒಳ್ಳೆಯ ಆಕಳನ್ನು ಅಳತೆಗೆ ಹಿಡಿಯಿರಿ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ, ಅಲ್ಲಿದೆ ನಿಜವಾದ ಸುದ್ದಿ. 25 ಕಿಲೊ ತೂಗಿ ಹುಟ್ಟಿದ ಕರು 228 ಕಿಲೊ ಆಗಬೇಕಾದರೆ 203 ಕಿಲೊ ಬೆಳೆಯಬೇಕು. ದಿನಕ್ಕೆ 280 ಗ್ರಾಂ ಏರಿದರೆ ಎರಡು ವರ್ಷ ಸಾಕು. ದಿನಕ್ಕೆ 150 ಗ್ರಾಂ ಮಾತ್ರ ಏರಿದರೆ 1350 ದಿನ, ಅಂದರೆ ಮೂರು ವರ್ಷ ಎಂಟು ತಿಂಗಳು. ಒಂಬತ್ತು ತಿಂಗಳ ಗಬ್ಬ ಸೇರಿಸಿ: ಒಂದು ಮನೆಯ ಮಣಕ ಮೂರು ವರ್ಷದೊಳಗೆ ಈದು ಹಾಲು ಕೊಡುತ್ತದೆ, ಇನ್ನೊಂದು ಮನೆಯದು ನಾಲ್ಕೂವರೆ ವರ್ಷ ಗ್ವಾದಲಿ ಖಾಲಿ ಮಾಡುತ್ತದೆ. ಇಬ್ಬರ ನಡುವಿನ ಅಂತರ ದಿನಕ್ಕೆ 130 ಗ್ರಾಂ. ಕಣ್ಣಿಗೆ ಕಾಣುವಂಥದ್ದಲ್ಲ ಅದು. ಮನೆಯಲ್ಲಿ ದಿನಾ ನೋಡುವವರಿಗಂತೂ ಕಾಣುವುದೇ ಇಲ್ಲ. ಆದ್ದರಿಂದಲೇ ಟೇಪು.

ಆ 130 ಗ್ರಾಂ ಎಲ್ಲಿ ಸೋರಿತು ಎಂದು ಹುಡುಕುತ್ತ ಹೋದರೆ ದಾರಿ ತಾಯಿಯ ಹೊಟ್ಟೆಯವರೆಗೆ ಹೋಗುತ್ತದೆ. ನಮ್ಮ ಭಾಗದಲ್ಲಿ ಮಳೆ ಬಿದ್ದು, ಬದುವಿನಲ್ಲಿ ಹುಲ್ಲು ಚಿಗುರಿ, ದನ ಎರಡು ತಿಂಗಳು ಚೆನ್ನಾಗಿ ಮೇದ ಮೇಲೆ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಬಹಳಷ್ಟು ಆಕಳುಗಳು ಗಬ್ಬ ಕಟ್ಟುತ್ತವೆ. ಸೆಪ್ಟೆಂಬರಿನಲ್ಲಿ ಕಟ್ಟಿದ್ದು ಜೂನ್‌ನಲ್ಲಿ ಈಯುತ್ತದೆ. ಹೊಟ್ಟೆಯೊಳಗಿನ ಕರು ತನ್ನ ತೂಕದ ಮೂರರಲ್ಲಿ ಎರಡು ಪಾಲನ್ನು ಬೆಳೆಸಿಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. ಅಂದರೆ ಮಾರ್ಚ್, ಏಪ್ರಿಲ್, ಮೇ. ಕಾಗಿಣಾ ಬತ್ತಿ, ಬಿಸಿಲು 42 ಡಿಗ್ರಿ ದಾಟಿ, ಬಣವಿಯ ಕಣಕಿಯೊಂದೇ ಆಧಾರವಾಗುವ ತಿಂಗಳುಗಳು. ಕರುವಿಗೆ ಅತಿ ಹೆಚ್ಚು ಬೇಕಾದಾಗ ತಾಯಿಗೆ ಅತಿ ಕಡಿಮೆ ಸಿಗುವಂತೆ ನಮ್ಮ ಹವಾಮಾನವೇ ಪಂಚಾಂಗ ಬರೆದಿಟ್ಟಿದೆ. ಮೇಲಾಗಿ ಆ ಆಕಳು ಹಾಲು ಬತ್ತಿಸಿಕೊಂಡಿರುತ್ತದೆ. ಹಾಲಿಲ್ಲದ ಆಕಳಿಗೆ ಹಿಂಡಿ ಯಾಕೆ ಎಂದು ಇದ್ದ ಒಂದು ಹಿಡಿಯನ್ನೂ ನಿಲ್ಲಿಸುತ್ತೇವೆ.

ಗರ್ಭದಲ್ಲಿ ಆದ ಕೊರತೆ ಹುಟ್ಟಿದ ಮೇಲೆ ತುಂಬುತ್ತದೆ ಎಂದು ಬಹಳ ಕಾಲ ಜನ ನಂಬಿದ್ದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ಇಬ್ಬರು 1938ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ಗಾಡಿ ಎಳೆಯುವ ದೈತ್ಯ ಶೈರ್ ಕುದುರೆ, ಮೊಳದೆತ್ತರದ ಶೆಟ್ಲಂಡ್ ತಟ್ಟು, ಇವೆರಡನ್ನೂ ಕೃತಕ ಗರ್ಭಧಾರಣೆಯಿಂದ ಕೂಡಿಸಿದರು. ಎರಡೂ ಬಗೆಯ ಮರಿಗಳಲ್ಲಿ ರಕ್ತ ಅರ್ಧರ್ಧ. ಆದರೆ ಶೈರ್ ತಾಯಿ ಹೆತ್ತ ಮರಿ ದೊಡ್ಡದು, ಶೆಟ್ಲಂಡ್ ತಾಯಿ ಹೆತ್ತದ್ದು ಸಣ್ಣದು. ಬೆಳೆದು ದೊಡ್ಡವಾದ ಮೇಲೂ ಆ ಅಂತರ ಪೂರ್ತಿ ಮುಚ್ಚಲಿಲ್ಲ. ತಾಯಿಯ ಮೈ ಎಷ್ಟು ಕೊಡಬಲ್ಲದೋ ಅಷ್ಟೇ ಮರಿ. ಒಳ್ಳೆಯ ಹೋರಿಯ ಬೀಜ ತಂದೆವು, ಕರು ಮಾತ್ರ ಸಣ್ಣದಾಯಿತು ಎಂದು ಬೇಸರ ಪಡುವವರು ಆ ಬೇಸಿಗೆ ತಾಯಿ ಏನು ತಿಂದಿತ್ತು ಎಂದು ನೆನಪಿಸಿಕೊಳ್ಳಬೇಕು.

ಹುಟ್ಟಿದ ಮೇಲಿನ ಮೊದಲ ತಾಸುಗಳ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಸಾಲದು. ಮಾಸು ಬೀಳುವವರೆಗೆ ಕರುವಿಗೆ ಮೊಲೆ ಬಿಡಬಾರದು ಎಂಬ ನಂಬಿಕೆ ಇನ್ನೂ ಹಲವು ಮನೆಗಳಲ್ಲಿದೆ. ಆಕಳ ರಕ್ತದ ರೋಗನಿರೋಧಕ ಕಣಗಳು ಹೊಟ್ಟೆಯಲ್ಲಿರುವ ಕರುವಿಗೆ ದಾಟಲಾರವು. ಅವೆಲ್ಲ ಗಿಣ್ಣದಲ್ಲೇ ಬರಬೇಕು. ಕರುವಿನ ಕರುಳು ಅವನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು ಮೊದಲ ಕೆಲವು ತಾಸು ಮಾತ್ರ, ಒಂದು ದಿನ ಕಳೆಯುವಷ್ಟರಲ್ಲಿ ಆ ಬಾಗಿಲು ಮುಚ್ಚಿ ಹೋಗುತ್ತದೆ. ಮಾಸು ಬೀಳಲು ಎಂಟು ತಾಸು ಹಿಡಿದರೆ ಕರು ಆ ಎಂಟು ತಾಸನ್ನು ಕಳೆದುಕೊಂಡಿತು. ಕರು ಮೊಲೆ ಚೀಪಿದರೆ ಮಾಸು ಬೇಗ ಬೀಳುತ್ತದೆ ಎಂಬುದು ಇನ್ನೊಂದು ಮಾತು. ಮೊದಲ ದಿನ ಕರುವಿನ ತೂಕದ ಹತ್ತರಲ್ಲೊಂದು ಪಾಲು ಗಿಣ್ಣ, ಅದರಲ್ಲಿ ಅರ್ಧ ಮೊದಲ ಎರಡು ತಾಸಿನಲ್ಲೇ. ಉಳಿದದ್ದನ್ನು ಕಾಸಿ, ಬೆಲ್ಲ ಹಾಕಿ ಓಣಿಗೆಲ್ಲ ಹಂಚಿ, ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಹೊಟ್ಟೆ. ನಾವು ನೋಡುವ ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ ಇರುತ್ತದೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಹುಟ್ಟಿದ ಕರುವಿಗೆ ಕೆಲಸ ಮಾಡುವುದು ನಾಲ್ಕನೆಯದೊಂದೇ. ಮೆಲುಕು ಹಾಕುವ ದೊಡ್ಡ ಹೊಟ್ಟೆ ಆಗಿನ್ನೂ ಒಂದು ಸಣ್ಣ, ನುಣುಪು ಚೀಲ. ಅದರ ಒಳಗೋಡೆಯಲ್ಲಿ ಟವೆಲಿನ ಎಳೆಗಳಂತೆ ಎದ್ದು ನಿಲ್ಲಬೇಕಾದ ಕುಚ್ಚುಗಳು ಬೆಳೆಯದೆ ಮೇವಿನ ಸಾರ ರಕ್ತಕ್ಕೆ ಸೇರುವುದಿಲ್ಲ. ಆ ಕುಚ್ಚುಗಳನ್ನು ಹಾಲು ಬೆಳೆಸುವುದಿಲ್ಲ, ಕಣಕಿಯೂ ಅಷ್ಟಾಗಿ ಬೆಳೆಸುವುದಿಲ್ಲ. ಕಾಳಿನ ನುಚ್ಚು ಹೊಟ್ಟೆಯಲ್ಲಿ ಹುಳಿತಾಗ ಹುಟ್ಟುವ ಆಮ್ಲಗಳು ಬೆಳೆಸುತ್ತವೆ. ಅದಕ್ಕೇ ಎರಡನೆಯ ವಾರದಿಂದಲೇ ಒಂದು ಹಿಡಿ ನುಚ್ಚು ಕರುವಿನ ಬಾಯಿಗೆ ಸವರಿ ರುಚಿ ಹತ್ತಿಸಬೇಕು. ನೂರು ಕಿಲೊ ಮಿಶ್ರಣಕ್ಕೆ ಜೋಳ ಅಥವಾ ಗೋವಿನಜೋಳದ ನುಚ್ಚು 40, ಶೇಂಗಾ ಹಿಂಡಿ 30, ತೊಗರಿ ಚುನ್ನಿ ಮತ್ತು ಗೋಧಿ ಬೂಸಾ ಕೂಡಿ 27, ಖನಿಜ ಮಿಶ್ರಣ 2, ಉಪ್ಪು 1. ಇದರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಸಿಗದ ವಸ್ತು ಒಂದೂ ಇಲ್ಲ.

ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ. ನಮ್ಮದು ತೊಗರಿಯ ಕಣಜ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು, ಎಲ್ಲರೂ ಹೆಮ್ಮೆಪಟ್ಟೆವು. ಬೇಳೆ ಮಾಡುವ ಮಿಲ್ಲುಗಳಲ್ಲಿ ಉಳಿಯುವ ಚುನ್ನಿಯಲ್ಲಿ ಕಣಕಿಯ ಮೂರು-ನಾಲ್ಕು ಪಟ್ಟು ಪ್ರೋಟೀನ್ ಇದೆ. ಬಿಳಿಜೋಳದ ಕಣಕಿಯಲ್ಲಿ ಇರುವುದು ನೂರಕ್ಕೆ ಮೂರೋ ನಾಲ್ಕೋ. ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳು ಬದುಕಿ ಕೆಲಸ ಮಾಡಬೇಕಾದರೆ ಮೇವಿನಲ್ಲಿ ನೂರಕ್ಕೆ ಏಳರಷ್ಟಾದರೂ ಪ್ರೋಟೀನ್ ಇರಬೇಕು. ಬರೀ ಕಣಕಿ ತಿಂದ ಮಣಕ ಹೊಟ್ಟೆ ತುಂಬಿಯೂ ಉಪವಾಸ ಇರುವುದು ಹೀಗೆ. ತಿಂದ ನಾರು ಕರಗುವುದಿಲ್ಲ, ಕರಗದ್ದು ಮುಂದೆ ಸಾಗುವುದಿಲ್ಲ, ಸಾಗದಿದ್ದರೆ ಹೊಸದು ತಿನ್ನಲು ಜಾಗವಿಲ್ಲ. ಆದರೆ ನಮ್ಮ ಮನೆಗಳಲ್ಲಿ ಚುನ್ನಿ, ಹಿಂಡಿ ಏನಿದ್ದರೂ ಹಿಂಡುವ ಎಮ್ಮೆಗೆ. ಹಾಲು ಕೊಡದ ಕರು, ಮಣಕ ಇವೆಲ್ಲ ಉಳಿದಿದ್ದನ್ನು ತಿನ್ನಬೇಕು. ನಾಳೆ ಹಾಲು ಕೊಡಬೇಕಾದದ್ದೂ ಅದೇ ಎಂಬ ಮಾತು ಹೇಳಿದರೆ, “ನಾಳಿಂದು ನಾಳಿ ನೋಡಮು ಬಿಡ್ರಿ” ಎನ್ನುತ್ತಾರೆ. ಹಾಲಿನ ರೊಕ್ಕ ಹದಿನೈದು ದಿನಕ್ಕೊಮ್ಮೆ ಕೈಗೆ ಬರುತ್ತದೆ, ಮಣಕದ ರೊಕ್ಕ ಮೂರು ವರ್ಷಕ್ಕೆ. ಒಣಬೇಸಾಯದ ಮನೆಯಲ್ಲಿ ಈ ಲೆಕ್ಕ ತಪ್ಪೆಂದು ಹೇಳುವುದೂ ನನಗೆ ಸುಲಭವಲ್ಲ.

ಕೊರತೆಯ ಮೇವಿನಲ್ಲಿ ಮೈ ಹೇಗೆ ಬೆಳೆಯುತ್ತದೆ ಎಂಬುದನ್ನು ಮೇಲೆ ಹೇಳಿದ ಜಾನ್ ಹ್ಯಾಮಂಡ್ 1932ರಲ್ಲೇ ಕುರಿಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ವಿವರಿಸಿದ್ದರು. ಮೈಯ ಎಲ್ಲ ಭಾಗಗಳೂ ಒಟ್ಟಿಗೆ ಬೆಳೆಯುವುದಿಲ್ಲ. ಮೊದಲು ಮಿದುಳು ಮತ್ತು ನರ, ಆಮೇಲೆ ಎಲುಬು, ಆಮೇಲೆ ಮಾಂಸ, ಕೊನೆಗೆ ಕೊಬ್ಬು. ಮೇವು ಸಾಲದಾದಾಗ ಬರೆ ಬೀಳುವುದು ಹಿಂದಿನಿಂದ: ಕೊಬ್ಬು ಮೊದಲು ನಿಲ್ಲುತ್ತದೆ, ಮಾಂಸ ಆಮೇಲೆ. ಎಲುಬು ಹೇಗೋ ಮುಂದುವರಿಯುತ್ತದೆ. ಮೇ ತಿಂಗಳಲ್ಲಿ ಯಾವುದೇ ಊರಿನ ಅಗಸಿಯ ಹತ್ತಿರ ನಿಂತು ಕರುಗಳನ್ನು ನೋಡಿ. ತಲೆ ದೊಡ್ಡದು, ಕಾಲು ಉದ್ದ, ಕುತ್ತಿಗೆ ಸಣಕಲು, ತೊಡೆಯಲ್ಲಿ ಮಾಂಸವಿಲ್ಲ, ಹೊಟ್ಟೆ ಮಾತ್ರ ಗಡಿಗೆ. ಹೊಟ್ಟೆ ತುಂಬಿದೆಯಲ್ಲ, ಚೆನ್ನಾಗೇ ಇದೆ ಎಂದು ಮಾಲೀಕ ಹೇಳುತ್ತಾನೆ. ಆ ಹೊಟ್ಟೆಯಲ್ಲಿ ಇರುವುದು ಕರಗದ ಕಣಕಿ ಮತ್ತು ಜಂತು.

ಮಳೆ ಬಿದ್ದ ಮೇಲೆ ಇಂಥ ದನ ಮೈ ತುಂಬಿಕೊಳ್ಳುವ ವೇಗ ಅಚ್ಚರಿ ಹುಟ್ಟಿಸುತ್ತದೆ. ಹಸಿವಿನಿಂದ ನಿಂತಿದ್ದ ಬೆಳವಣಿಗೆ ಹಸಿರು ಸಿಕ್ಕೊಡನೆ ಮಾಮೂಲಿಗಿಂತ ಜೋರಾಗಿ ಓಡುತ್ತದೆ. ಒಂದು ವರ್ಷ ದಾಟಿದ ಮಣಕ ಒಂದು ಬೇಸಿಗೆ ಸೊರಗಿದರೆ ಶ್ರಾವಣ, ಭಾದ್ರಪದದಲ್ಲಿ ಬಹುಪಾಲು ಹಿಂದಿರುಗಿ ಪಡೆಯುತ್ತದೆ. ಆದರೆ ಗರ್ಭದಲ್ಲಿ ಮತ್ತು ಮೊದಲ ಮೂರು-ನಾಲ್ಕು ತಿಂಗಳಲ್ಲಿ ಕುಗ್ಗಿದ್ದು ಹಾಗೆ ತುಂಬುವುದಿಲ್ಲ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಹಿಡಿದರೂ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ನನ್ನ ಬಳಿ ಇಲ್ಲ. ಚುನ್ನಿ ಒಂದೇ ಚೀಲ ಇದ್ದರೆ ಅದು ತುಂಬು ಗಬ್ಬದ ಆಕಳಿಗೆ ಮತ್ತು ಆರು ತಿಂಗಳೊಳಗಿನ ಕರುವಿಗೆ ಹೋಗಲಿ.

ಜಂತಿನ ಮಾತು ಬಂತು. ಎಮ್ಮೆಕರುಗಳಲ್ಲಿ ಒಂದು ಬಗೆಯ ದುಂಡುಹುಳ ತಾಯಿಯ ಹಾಲಿನಲ್ಲೇ ಹರಿದು ಬರುತ್ತದೆ. ಕರು ಇನ್ನೂ ಹುಲ್ಲು ಮುಟ್ಟಿಲ್ಲ, ಜಂತು ಎಲ್ಲಿಂದ ಬರಬೇಕು ಎಂದು ವಾದಿಸುವವರಿಗೆ ಇದು ಉತ್ತರ. ಹತ್ತರಿಂದ ಹದಿನೈದು ದಿನದೊಳಗೆ ಮೊದಲ ಜಂತುನಾಶಕ ಬೀಳಬೇಕು, ಪ್ರಮಾಣವನ್ನು ನಿಮ್ಮ ಊರಿನ ಡಾಕ್ಟರು ಹೇಳುತ್ತಾರೆ. ಶಹಾಬಾದ, ವಾಡಿ ಸುತ್ತ ಇನ್ನೊಂದು ಸಂಗತಿ ಇದೆ. ಫರ್ಸಿ ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆನೀರು ನಿಂತು, ಅಂಚಿನಲ್ಲಿ ಕಳೆ ಬೆಳೆದು, ಬಸವನಹುಳು ಸೇರಿಕೊಳ್ಳುತ್ತವೆ. ನಿಂತ ನೀರಿನ ಬಸವನಹುಳು ಪಿತ್ತಜನಕಾಂಗದ ಚಪ್ಪಟೆಹುಳಕ್ಕೆ ಮನೆ. ಗದ್ದದ ಕೆಳಗೆ ನೀರು ತುಂಬಿದಂತೆ ಬಾವು ಕಂಡರೆ ತಡಮಾಡಬೇಡಿ. ಬಾವು ಕಾಣುವುದಕ್ಕೂ ಬಹಳ ಮೊದಲೇ ಆ ಹುಳ ದಿನದ ಗ್ರಾಂಗಳನ್ನು ಕದಿಯಲು ಶುರು ಮಾಡಿರುತ್ತದೆ.

ಕಲ್ಲಿನ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. “ನಮ್ಮ ನೀರಾಗೇ ಸುಣ್ಣ ಅದ, ಮತ್ತ ಎಲುಬಿನ ಪುಡಿ ಯಾಕ ಕೊಂಡು ತರ್ಬೇಕ್ರಿ?” ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಚಂದದ ಪ್ರಶ್ನೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ನೆಲದೊಳಗಿನ ಸುಣ್ಣದಕಲ್ಲಿನ ಮೇಲೆ. ನಮ್ಮ ಬಾವಿನೀರು ಕಾಸಿದರೆ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ. ಆದರೆ ಎಲುಬು ಕ್ಯಾಲ್ಸಿಯಂ ಒಂದರಿಂದಲೇ ಆಗುವುದಿಲ್ಲ, ಜೊತೆಗೆ ರಂಜಕ ಬೇಕು, ಅದೂ ಒಂದು ಹದದಲ್ಲಿ. ಒಣ ಕಣಕಿಯಲ್ಲಿ ರಂಜಕ ತೀರ ಕಡಿಮೆ. ಸುಣ್ಣ ಹೆಚ್ಚಾದಷ್ಟೂ ಇದ್ದ ರಂಜಕ, ಸತು ಮೈಗೆ ಹತ್ತುವುದು ಇನ್ನೂ ಕಡಿಮೆಯಾಗುತ್ತದೆ. ದನ ಗೋಡೆ ನೆಕ್ಕುತ್ತದೆ, ಹಗ್ಗ ಅಗಿಯುತ್ತದೆ, ತಿಪ್ಪೆಯ ಎಲುಬು ಕಚ್ಚಿಕೊಂಡು ನಿಲ್ಲುತ್ತದೆ ಎಂದರೆ ಅದು ಚಾಳಿಯಲ್ಲ, ಬಹುಮಟ್ಟಿಗೆ ರಂಜಕದ ಹಸಿವು. ರಂಜಕ ಕಡಿಮೆಯಾದ ಮಣಕ ಬೆದೆಗೂ ತಡವಾಗಿ ಬರುತ್ತದೆ. ಗೋಧಿ ಬೂಸಾ, ಅಕ್ಕಿ ತೌಡಿನಲ್ಲಿ ರಂಜಕ ಚೆನ್ನಾಗಿದೆ. ಜೊತೆಗೆ ದಿನಕ್ಕೆ 25-30 ಗ್ರಾಂ ಖನಿಜ ಮಿಶ್ರಣ. ಯಾವ ಭಾಗದ ಮೇವಿನಲ್ಲಿ ಯಾವ ಖನಿಜ ಕಡಿಮೆ ಎಂದು ನೋಡಿ ಆಯಾ ಪ್ರದೇಶಕ್ಕೆ ಹೊಂದುವ ಮಿಶ್ರಣ ರೂಪಿಸುವ ಕೆಲಸವನ್ನು ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಮಾಡಿದೆ.

ಕೊಟ್ಟಿಗೆಗೂ ನಾವು ಫರ್ಸಿಯನ್ನೇ ಹಾಸುತ್ತೇವೆ, ಅಗ್ಗ ಮತ್ತು ಹತ್ತಿರ. ಉಜ್ಜಿ ನಯ ಮಾಡಿದ ಕಲ್ಲು ಬೇಡ. ಗಂಜಲ ಬಿದ್ದ ನುಣುಪು ಕಲ್ಲಿನ ಮೇಲೆ ಕರುವಿನ ಕಾಲು ಸರಿದು ಕೀಲು ಕೆಡುತ್ತದೆ. ನೋವಿರುವ ಕರು ಎದ್ದು ಗ್ವಾದಲಿಗೆ ಹೋಗುವುದೂ ಕಡಿಮೆ, ಬೆಳೆಯುವುದೂ ಕಡಿಮೆ. ಒರಟು ಕಲ್ಲು ಹಾಕಿ, ಇಲ್ಲವೇ ಉಳಿಯಿಂದ ಗೀರು ಹೊಡೆಸಿ. ತಗಡಿನ ಮಾಡಿದ್ದರೆ ಬೇಸಿಗೆಗೆ ಮೊದಲು ಮೇಲೆ ತೊಗರಿಕಟ್ಟಿಗೆ ಹೊರಿಸಿ. ಬಿಸಿಲಿಗೆ ದನ ಮೇವು ಬಿಡುವುದು ಸೊಕ್ಕಿನಿಂದಲ್ಲ. ಒರಟು ನಾರು ಹೊಟ್ಟೆಯಲ್ಲಿ ಹುಳಿಯುವಾಗಲೇ ಕಾವು ಹುಟ್ಟುತ್ತದೆ, ಹೊರಗೆ 42 ಡಿಗ್ರಿ ಇದ್ದಾಗ ಒಳಗಿನ ಒಲೆಯನ್ನು ಅದು ತಾನೇ ಸಣ್ಣ ಮಾಡಿಕೊಳ್ಳುತ್ತದೆ. ಏಪ್ರಿಲ್, ಮೇನಲ್ಲಿ ದೊಡ್ಡ ಮೇವು ರಾತ್ರಿಗಿಡಿ. ಎಮ್ಮೆಗಳ ಬೆದೆ ಬೇಸಿಗೆಯಲ್ಲಿ ಮೂಕವಾಗಿರುತ್ತದೆ, ಒದರುವುದಿಲ್ಲ, ಹಾರುವುದಿಲ್ಲ. ಎಮ್ಮೆಮಣಕ ಬೆದೆಗೆ ಬಂದಿಲ್ಲ ಎಂದು ಹೇಳುವವರಲ್ಲಿ ಎಷ್ಟೋ ಜನ ಬೆಳಗಿನ ಜಾವ ಕೊಟ್ಟಿಗೆಗೆ ಹೋಗಿ ನೋಡಿಲ್ಲ.

ಆಡಿನ ವಿಷಯಕ್ಕೆ ಬಂದರೆ ದೂರು ತಿರುಗುಮುರುಗು. ದನ ತಡ ಮಾಡುತ್ತದೆ, ಆಡು ಅವಸರ ಮಾಡುತ್ತದೆ. ನಮ್ಮಲ್ಲಿ ಹೆಚ್ಚಾಗಿರುವ ಕಪ್ಪು ಉಸ್ಮಾನಾಬಾದಿಯ ಹೋತಮರಿ ನಾಲ್ಕೈದು ತಿಂಗಳಿಗೇ ಹಾರಲು ಶುರು ಮಾಡುತ್ತದೆ. ಹೆಣ್ಣುಮರಿ ಏಳೆಂಟು ತಿಂಗಳಿಗೆ, ತನ್ನ ಮೈ ಅರ್ಧ ಬೆಳೆದಿರುವಾಗಲೇ ಗಬ್ಬ ಆಗಿಬಿಡುತ್ತದೆ. ಆಗ ತಾಯಿಯೂ ಬೆಳೆಯಬೇಕು, ಹೊಟ್ಟೆಯ ಮರಿಯೂ ಬೆಳೆಯಬೇಕು, ಇರುವ ತೊಪ್ಪಲು ಒಂದೇ. ಎರಡೂ ಕುಳ್ಳಾಗುತ್ತವೆ. ನಾಲ್ಕು ತಿಂಗಳಿಗೆ ಗಂಡುಮರಿಗಳನ್ನು ಬೇರೆ ಕಟ್ಟಿ, ಇಲ್ಲವೇ ಬೀಜ ಒಡೆಸಿ.

ಆಡು-ಕುರಿಯ ಸಂತೆಯಲ್ಲಿ ಹಲ್ಲಿನ ಮಾತೇ ಕೊನೆಯ ಮಾತು. ಬಕ್ರೀದಿಗೆ ಆಡು ಕೊಳ್ಳುವವರು ಒಂದು ವರ್ಷ ತುಂಬಿದ್ದನ್ನೇ ಕೇಳುತ್ತಾರೆ. ಅದಕ್ಕೆ ಗುರುತು ಎರಡು ಹಲ್ಲು. ಹಾಲುಹಲ್ಲು ಬಿದ್ದು ಮುಂದಿನ ಜೋಡಿ ಅಗಲ ಹಲ್ಲು ಹುಟ್ಟುವುದು ಆಡಿನಲ್ಲಿ ಒಂದರಿಂದ ಒಂದೂವರೆ ವರ್ಷದ ನಡುವೆ, ದನದಲ್ಲಿ ಎರಡರಿಂದ ಎರಡೂವರೆಗೆ. ದನ ಬಾಯಿಗೂಡಲು ನಾಲ್ಕೂವರೆ, ಐದು ವರ್ಷ. ಗಮನಿಸಬೇಕಾದದ್ದು ಇಷ್ಟು: ಮೇವು ಕಡಿಮೆಯಾದರೆ ಹಲ್ಲು ಅಷ್ಟೇನೂ ತಡ ಮಾಡುವುದಿಲ್ಲ, ತೂಕ ಮಾಡುತ್ತದೆ. ಎರಡು ಹಲ್ಲಿನ ಒಂದು ಹೋತ ಹದಿನೆಂಟು ಕಿಲೊ ಇರಬಹುದು, ಇನ್ನೊಂದು ಮೂವತ್ತು. ಹಲ್ಲು ಹೇಳುವುದು ಹುಟ್ಟಿ ಎಷ್ಟು ದಿನವಾಯಿತೆಂದು, ಆ ದಿನಗಳಲ್ಲಿ ಸಾಕಿದವರು ಏನು ಹಾಕಿದರೆಂದು ಹೇಳುವುದು ಟೇಪು. ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ಬಾಯಿ ನೋಡಿದ ಕೈಯಲ್ಲೇ ಸೊಂಟದ ಮೇಲೆ ಒತ್ತಿ ನೋಡುತ್ತಾನೆ.

ಎತ್ತುಗಳ ಬಗ್ಗೆ ಈಗ ಕೇಳುವವರು ಕಡಿಮೆ, ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರು ಹುಟ್ಟಿದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಆದರೂ ಜೋಡಿ ಕಟ್ಟುವವರಿಗೆ ಒಂದು ಮಾತು. ಬೀಜ ಬೇಗ ಒಡೆಸಿದರೆ ಕಾಲಿನ ಎಲುಬುಗಳ ತುದಿ ಮುಚ್ಚುವುದು ತಡವಾಗಿ ಎತ್ತು ಎತ್ತರವಾಗುತ್ತದೆ, ಆದರೆ ಕುತ್ತಿಗೆ, ಹಿಣಿಲು, ಭುಜ ತುಂಬುವುದಿಲ್ಲ. ನೊಗ ಕೂರುವುದು ಅಲ್ಲೇ. ಹಿಂದಿನವರು ಎರಡು ವರ್ಷ ದಾಟುವವರೆಗೆ ಕಾಯುತ್ತಿದ್ದುದಕ್ಕೆ ಕಾರಣವಿತ್ತು.

ತಳಿಯ ಪ್ರಶ್ನೆಯನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ, ಏಕೆಂದರೆ ಎಲ್ಲರೂ ಅದನ್ನೇ ಮೊದಲು ಕೇಳುತ್ತಾರೆ. ಮುರ್ರಾ ತರಲೇ, ಎಚ್‌ಎಫ್ ತರಲೇ? ತಳಿ ಮುಖ್ಯವೇ. ನಮ್ಮ ದೇವಣಿ, ಬಿಳಿ ಮೈಗೆ ಕರಿ ಮೋರೆಯ ವಾನೆರಾ ಇರಲಿ, ಮೈಯೆಲ್ಲ ಕಪ್ಪು ಮಚ್ಚೆಯ ಶೆವೆರಾ ಇರಲಿ, ಹೊಟ್ಟೆಯ ಕೆಳಗಷ್ಟೇ ಮಚ್ಚೆಯಿರುವ ಬಾಲಂಕ್ಯಾ ಇರಲಿ, ಸಾಮಾನ್ಯವಾಗಿ ಮೂರೂವರೆ, ನಾಲ್ಕು ವರ್ಷ ದಾಟಿಯೇ ಮೊದಲ ಸಲ ಈಯುತ್ತದೆ. ಮಿಶ್ರತಳಿ ಅದಕ್ಕಿಂತ ಮೊದಲು. ಆದರೆ ಮಿಶ್ರತಳಿ ಬೇಗ ಬೆಳೆಯುವುದು ಹೆಚ್ಚು ಕೊಟ್ಟಾಗ ಮಾತ್ರ. ಕಣಕಿಯ ಮೇಲೆ ಬಿಟ್ಟರೆ ಅದು ದೇವಣಿಗಿಂತ ಬೇಗ ಬೀಳುತ್ತದೆ, ಏಕೆಂದರೆ ಅದರ ಮೈ ಕೇಳುವುದೇ ಜಾಸ್ತಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಕಟ್ಟಿತೂಗಾಂವದಲ್ಲಿ ದೇವಣಿಗಾಗಿಯೇ ಒಂದು ಕೇಂದ್ರ ನಡೆಸುತ್ತಿದ್ದಾರೆ, ಚಿಂಚೋಳಿಯವರಿಗೆ ದೂರವೇನಲ್ಲ, ಒಮ್ಮೆ ಹೋಗಿ ನೋಡಬಹುದು. ಹೋಗುವಾಗ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ಕರುವಿಗೆ ಹಾಲು ಎಷ್ಟು ಬಿಡಬೇಕು, ನುಚ್ಚು ಯಾವಾಗ ಹಾಕಬೇಕು ಎಂದು ದಿನಾ ತೀರ್ಮಾನಿಸುವವರು ಅವರು. ನಮ್ಮ ತರಬೇತಿ ಶಿಬಿರಗಳಲ್ಲಿ ಕುರ್ಚಿ ತುಂಬುವವರು ಮಾತ್ರ ಗಂಡಸರು.

ಇಷ್ಟೆಲ್ಲ ಓದಿ, ಆಗಿದ್ದು ಆಯಿತು, ಈಗ ಕೊಟ್ಟಿಗೆಯಲ್ಲಿ ನಿಂತಿರುವ ಮೂರು ವರ್ಷದ ಮಣಕಕ್ಕೆ ಏನು ಮಾಡಲಿ ಎಂದು ನೀವು ಕೇಳುತ್ತೀರಿ. ಅಳೆಯಿರಿ. 180 ಕಿಲೊ ಇದ್ದು 228 ಆಗಬೇಕಿದ್ದರೆ 48 ಕಿಲೊ ಬಾಕಿ. ಜಂತುನಾಶಕ ಕೊಡಿಸಿ, ಕಣಕಿ ಕತ್ತರಿಸಿ ಹಾಕಿ, ದಿನಕ್ಕೆ ಒಂದೂವರೆ ಕಿಲೊ ಚುನ್ನಿ-ಹಿಂಡಿ, ಖನಿಜ ಮಿಶ್ರಣ, ಸಿಕ್ಕಷ್ಟು ಹಸಿರು. ದಿನಕ್ಕೆ 400 ಗ್ರಾಂ ಏರಿದರೆ ನಾಲ್ಕು ತಿಂಗಳ ಕೆಲಸ. ಪ್ರತಿ ಅಮಾವಾಸ್ಯೆಗೆ ಟೇಪು ಹಿಡಿದು ಗೋಡೆಯ ಮೇಲೆ ಬರೆದಿಡಿ. ತೂಕ ಮುಟ್ಟಿ ಎರಡು ತಿಂಗಳಾದರೂ ಬೆದೆ ಕಾಣದಿದ್ದರೆ ಡಾಕ್ಟರಿಂದ ಗರ್ಭಕೋಶ ಪರೀಕ್ಷೆ ಮಾಡಿಸಿ, ಸೂಜಿಯ ಮಾತು ಆಮೇಲೆ. ಒಂದು ಬಗೆಯ ಮಣಕಕ್ಕೆ ಮಾತ್ರ ಇದೆಲ್ಲ ದಂಡ. ಗಂಡುಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುಗಳಲ್ಲಿ ಹತ್ತಕ್ಕೆ ಒಂಬತ್ತು ಗೊಡ್ಡು. ಹೊಟ್ಟೆಯಲ್ಲಿರುವಾಗಲೇ ಎರಡರ ರಕ್ತ ಬೆರೆತು, ಗಂಡಿನ ಪ್ರಭಾವದಿಂದ ಹೆಣ್ಣಿನ ಜನನಾಂಗ ಬೆಳೆಯದೆ ಉಳಿದಿರುತ್ತದೆ. ಸಂತೆಯಲ್ಲಿ ಮಣಕ ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುವ ಮೊದಲು ಮಾರುವವರನ್ನು ಈ ಪ್ರಶ್ನೆ ಕೇಳಿಬಿಡಿ.